ಸೊಸೆ ಕೈಯ ಐಸು

ಅಕ್ಕನ ಒಪ್ಪಿಗೆ ಶಾಸ್ತ್ರದ ದಿನ ನಾನು ಮಾಡಿದ್ದ ಮಾವಿನಹಣ್ಣಿನ ಐಸನ್ನು ಅಪ್ಪ ಎಮ್ಮೆಯ ಬಾನಿಗೆ ಸುರಿದ. ಬೀಗರು ಇನ್ನೂ ಪಡಸಾಲೆಯಲ್ಲೇ ಕೂತಿದ್ದರು.

ನಾನಾಗ ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಮನೆಗೆ ಫ್ರಿಜ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ದ್ರಾಕ್ಷಿ ರಸವನ್ನು ಸ್ಟೀಲ್ ಲೋಟಕ್ಕೆ ಸುರಿದು, ನಡುವೆ ಚಮಚ ನಿಲ್ಲಿಸಿ ಗಟ್ಟಿ ಮಾಡಿ, ಅಮ್ಮನಿಗೂ ಅಕ್ಕನಿಗೂ ಕೊಡುವುದು ನನ್ನ ಆಟವಾಗಿತ್ತು. ಅಮ್ಮ ಸೆರಗಿನಿಂದ ಲೋಟ ಹಿಡಿದುಕೊಂಡು, ಹಲ್ಲು ಜುಮ್ಮೆನ್ನುತ್ತಿದ್ದರೂ ಬಿಡದೆ ಚೀಪುತ್ತಿದ್ದಳು. ಆ ಧೈರ್ಯದ ಮೇಲೆ ಒಪ್ಪಿಗೆ ಶಾಸ್ತ್ರದ ಹಿಂದಿನ ದಿನ ನಮ್ಮ ತೋಪಿನ ಬಾದಾಮಿ ಮಾವಿನಹಣ್ಣು ಹಿಂಡಿ, ಹಾಲನ್ನು ಅರ್ಧಕ್ಕೆ ಇಳಿಯುವವರೆಗೆ ಕಾಯಿಸಿ, ಎರಡನ್ನೂ ಬೆರೆಸಿ ಐಸ್ ಕಟ್ಟಿಸಿದ್ದೆ. ಊಟವಾದ ಮೇಲೆ ಬೀಗರಿಗೆ ಬಟ್ಟಲಲ್ಲಿ ಕೊಟ್ಟರು. ಅಕ್ಕನ ಮಾವನಾಗುವವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು.

"ಯಾರಮ್ಮ ಮಾಡಿದ್ದು? ಹುಡುಗೀನಾ?" ಅಂದರು.

ಅಮ್ಮನಿಗೆ ಹಿಗ್ಗು. "ಇಲ್ಲ, ನಮ್ಮ ಹುಡುಗ" ಅಂದುಬಿಟ್ಟಳು.

ಬೀಗರ ಕಡೆಯ ಒಬ್ಬರು ನಕ್ಕು, "ಹಂಗಾದ್ರೆ ಹುಡುಗನ್ನೇ ಕರ್ಕೊಂಡ್ ಹೋಗೋಣ್ವಾ?" ಅಂದರು. ಯಾರಿಗೂ ನೋವು ಮಾಡಬೇಕೆಂದು ಆಡಿದ ಮಾತಲ್ಲ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ನಗುತ್ತಲೇ ಎದ್ದು ಒಳಗೆ ಹೋಗಿ, ಉಳಿದಿದ್ದ ಪಾತ್ರೆಯನ್ನು ಎತ್ತಿಕೊಂಡು ಪಡಸಾಲೆಯ ನಡುವೆಯೇ ಹಾದು ಕೊಟ್ಟಿಗೆಗೆ ನಡೆದ. ಕಲಗಚ್ಚಿನ ಬಾನಿಗೆ ಅದು ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಎಮ್ಮೆ ಮೂಸಿ ನೋಡಿ ತಲೆ ತಿರುಗಿಸಿತು. ಅಪ್ಪ ಖಾಲಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಬೀಗರಿಗೆ ಕೇಳಿಸುವ ಹಾಗೆ ಹೇಳಿದ.

"ತೊಳ್ದಿಡು. ನಾಳೆ ಸಂತೇಲಿ ನಿಂಗೊಂದ್ ಸೀರೆ ತಂದ್ಕೊಡ್ತೀನಿ."

ಈ ಸಲ ಯಾರೂ ನಗಲಿಲ್ಲ. ಅಮ್ಮ ತಲೆ ಎತ್ತಲಿಲ್ಲ. ಅಕ್ಕ ಮಾತ್ರ ಒಳಗಿನ ಕೋಣೆಯಿಂದ, ಮುಡಿಸಿದ ಹೂವಿನ ಭಾರದಲ್ಲಿ ಕುತ್ತಿಗೆ ಹೊರಳಿಸಲಾಗದೆ, ಬರೀ ಕಣ್ಣು ಹೊರಳಿಸಿ ನನ್ನನ್ನು ನೋಡಿದಳು.

ನಮ್ಮೂರು ಸೂಲಿಬೆಲೆಯಿಂದ ಒಂದಿಷ್ಟು ಒಳಗೆ. ಊರಲ್ಲಿ ಏನಾದರೂ ತಕರಾರು ಬಂದರೆ ತೀರ್ಮಾನಕ್ಕೆ ಅಪ್ಪನನ್ನು ಕರೆಯುತ್ತಿದ್ದರು. ಗಟ್ಟಿ ಗಂಟಲಿನ ಮನುಷ್ಯ. ಎಲೆ, ಅಡಿಕೆ, ಹೊಗೆಸೊಪ್ಪು ಯಾವಾಗಲೂ ಎಡಗಡೆಯ ದವಡೆಯಲ್ಲಿ ಇರುತ್ತಿತ್ತು. ಹಾಲು ಕರೆಯುವುದು ಗಂಡಸಿನ ಕೆಲಸ, ಅದೇ ಹಾಲನ್ನು ಕಾಯಿಸುವುದು ಹೆಂಗಸಿನ ಕೆಲಸ ಅನ್ನುವುದು ಅವನ ಲೆಕ್ಕ. ನಾನು ಒಬ್ಬನೇ ಮಗ. ಅಪ್ಪ ನನಗೆ ಹೊಡೆದದ್ದು ಕಡಿಮೆ. ಅದರ ಅಗತ್ಯ ಅವನಿಗೆ ಬರಲಿಲ್ಲ. ಅವನು ಯಾಕೆ ಹಾಗಿದ್ದ ಎಂದು ನಾನು ಬಹಳ ಯೋಚಿಸಿದ್ದೇನೆ. ಅವನ ಬಾಲ್ಯದಲ್ಲಿ ಏನಾದರೂ ನಡೆದಿತ್ತೇ ಎಂದು ಹಿರಿಯರನ್ನು ಕೇಳಿದ್ದೇನೆ. ಎಲ್ಲರ ಹಾಗೆಯೇ ಬೆಳೆದ ಅಂದರು.

ಅಕ್ಕನ ಮದುವೆಯಾಗಿ ಅವಳು ದೊಡ್ಡಬಳ್ಳಾಪುರದ ಕಡೆ, ಸಾಸಲಿಗೆ ಹೋದಳು. ನಾನು ಡಿಗ್ರಿ ಮುಗಿಸಿ ಹೊಸಕೋಟೆ ಹತ್ತಿರದ ಒಂದು ಗೋಡೌನಿನಲ್ಲಿ ಸೂಪರ್‌ವೈಸರ್ ಆದೆ. ಅರಿಶಿನಕುಂಟೆಯಿಂದ ಹೆಣ್ಣು ತಂದರು. ಮಗಳು ಹುಟ್ಟಿದಳು. ಅಮ್ಮ ಒಂದು ದಿನ ಹಿತ್ತಲಲ್ಲಿ ಪಾತ್ರೆ ಬೆಳಗುತ್ತ ಕೂತವಳು ಹಾಗೇ ಒರಗಿ ಹೋದಳು. ಈ ಎಲ್ಲದರ ನಡುವೆಯೂ ನನ್ನ ಹಣ್ಣಿನ ಹುಚ್ಚು ಬಿಡಲಿಲ್ಲ. ಅಪ್ಪ ಹೊಲಕ್ಕೋ ಪಂಚಾಯ್ತಿಗೋ ಹೋದ ಹೊತ್ತು ನೋಡಿ ಮಾಡುತ್ತಿದ್ದೆ. ನೇರಳೆಹಣ್ಣಿನ ಐಸು ತಿಂದು ಮಗಳು ನಾಲಿಗೆ ಚಾಚಿಕೊಂಡು ಊರೆಲ್ಲ ತಿರುಗುತ್ತಿದ್ದಳು. ದೊಡ್ಡಬಳ್ಳಾಪುರದ ಕಡೆ ಸಿಗುವ ಕೆಂಪು ತೊಳೆಯ ಹಲಸನ್ನು ಅಕ್ಕ ಕಳಿಸಿದರೆ ಅದನ್ನು ತೆಂಗಿನ ಹಾಲಿನಲ್ಲಿ ಅರೆದು ಗಟ್ಟಿ ಮಾಡುತ್ತಿದ್ದೆ. ಸೀಬೆಹಣ್ಣಿನದು ಮೂರು ಸಲ ಕೆಟ್ಟಿತು. ಬೀಜ ಸೋಸುವಷ್ಟರಲ್ಲಿ ಘಮ ಹೋಗುತ್ತಿತ್ತು. ಹೆಂಡತಿ ನೋಡುತ್ತಿದ್ದಳು, ತಿನ್ನುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಅಪ್ಪನಿಗೆ ಗೊತ್ತಾದಾಗ ಮೊಮ್ಮಗಳನ್ನು ಕರೆದು, "ನಿಮ್ಮಪ್ಪಂಗೆ ಬಳೆ ಅಳತೆ ತಗೊಳ್ಳೇ" ಅನ್ನುತ್ತಿದ್ದ. ಅವಳು ಚಿಕ್ಕವಳು, ತಮಾಷೆ ಅಂದುಕೊಂಡು ನಿಜವಾಗಿಯೂ ದಾರ ಹಿಡಿದು ಬರುತ್ತಿದ್ದಳು. ನಾನು ಕೈ ಕೊಡುತ್ತಿದ್ದೆ.

ಅಪ್ಪನ ದವಡೆಯ ಒಳಗೆ ಹುಣ್ಣು ಯಾವಾಗ ಆಯಿತೋ ಅವನೊಬ್ಬನಿಗೇ ಗೊತ್ತು. ನಮಗೆ ತೋರಿಸಿದಾಗ ಕೆನ್ನೆ ಊದಿಕೊಂಡು ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಗಣೇಶನ ಹಬ್ಬ ಕಳೆದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕೊಯ್ಯುವ ಹಂತ ದಾಟಿದೆ, ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟು ನೋಡೋಣ ಅಂದರು. ಕರೆಂಟ್ ಕೊಟ್ಟಂತೆಲ್ಲ ಬಾಯಿಯ ಒಳಭಾಗ ಸುಟ್ಟ ಹಾಗೆ ಕೆಂಪಾಯಿತು. ಎಂಜಲು ಬತ್ತಿತು. ಅನ್ನದ ಗಂಜಿ ಇಳಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಪಂಚಾಯ್ತಿ ಕಟ್ಟೆಯಲ್ಲಿ ಗುಡುಗುತ್ತಿದ್ದ ಗಂಟಲು ಈಗ ಬಾಗಿಲ ಕೀಲಿನ ಹಾಗೆ ಕಿರಗುಟ್ಟುತ್ತಿತ್ತು. ಬೈಗುಳಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಖಾರ, ಬಿಸಿ ಬೇಡ. ತಣ್ಣಗೆ, ಮೆತ್ತಗೆ ಏನ್ ಹೋಗುತ್ತೋ ಕೊಡಿ. ತಿನ್ನೋದು ಬಿಟ್ರೆ ಮೂಗಿಗೆ ಪೈಪ್ ಹಾಕ್ಬೇಕಾಗುತ್ತೆ."

ಅಪ್ಪ ಅದನ್ನು ಕೇಳಿಸಿಕೊಂಡಿದ್ದ. ಬರುವಾಗ ಕಾರಿನಲ್ಲಿ, "ಪೈಪ್ ಹಾಕುದ್ರೆ ಕಿತ್ತು ಬಿಸಾಕ್ತೀನಿ" ಅಂದ.

ತಣ್ಣಗೆ, ಮೆತ್ತಗೆ ಅಂದರೆ ನನಗೆ ಗೊತ್ತಿದ್ದ ವಿದ್ಯೆ. ಅಪ್ಪನಿಗೆ ಪ್ರಾಣವಾಗಿದ್ದ ಹಣ್ಣು ದೇವನಹಳ್ಳಿ ಕಡೆಯ ಚಕ್ಕೋತ. ಅದನ್ನೇ ತಂದೆ. ತೊಳೆಯ ಸಿಪ್ಪೆಯನ್ನೆಲ್ಲ ಬಿಡಿಸಿ, ರಸ ಹಿಂಡಿ, ಹುಳಿ ಮುರಿಯುವಷ್ಟು ಸಕ್ಕರೆ ಹಾಕಿದೆ ಅಂದುಕೊಂಡು, ಗಟ್ಟಿ ಮಾಡಿ, ಪುಡಿ ಮಾಡಿ ಬಟ್ಟಲಿಗೆ ಹಾಕಿಕೊಂಡು ನಾನೇ ಹೋದೆ. ಅಪ್ಪ ಜಗುಲಿಯ ಮೇಲೆ ಬಿಸಿಲಿಗೆ ಕೂತಿದ್ದ. ಬಣ್ಣ ನೋಡಿಯೇ ಏನೆಂದು ಗೊತ್ತಾಗಿ, ಏನೂ ಕೇಳದೆ ಬಾಯಿಗೆ ಹಾಕಿಕೊಂಡ. ಮರುಕ್ಷಣ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಅಂಥ ಸದ್ದನ್ನು ನಾನು ಮನುಷ್ಯರ ಬಾಯಲ್ಲಿ ಕೇಳಿರಲಿಲ್ಲ. ಬಟ್ಟಲು ಅಂಗಳದಲ್ಲಿ ಬಿತ್ತು. ಉಸಿರು ತಿರುಗಿದ ಮೇಲೆ ಕೇಳಿದ.

"ಯಾರ್ ಮಾಡಿದ್ದು?"

"ನಾನೇ ಅಪ್ಪ. ನಿಂಗಿಷ್ಟ ಅಂತ…"

"ಸಾಯ್ಸೋಕ್ ಮಾಡಿದ್ಯೇನ್ಲಾ? ನಿನ್ ಕೈದು ಇನ್ಮೇಲೆ ನನ್ ಬಾಯ್ಗೆ ಬೇಡ. ಮನೇಲಿ ಹೆಂಗಸಿದ್ದಾಳೆ, ಅವ್ಳು ಮಾಡ್ಲಿ. ನೀನ್ ಮುಟ್ಟಿದ್ದು ಬಂದ್ರೆ ಉಪವಾಸ ಸಾಯ್ತೀನಿ."

ಹೆಂಡತಿಗೆ ಅಡುಗೆ ಚೆನ್ನಾಗಿ ಬರುತ್ತಿತ್ತು. ಐಸು ಬರುತ್ತಿರಲಿಲ್ಲ. ಅವಳು ಕೊಟ್ಟ ಗಂಜಿಯನ್ನು, ಹಾಲನ್ನವನ್ನು, ರಾಗಿ ಅಂಬಲಿಯನ್ನು ಅಪ್ಪ ಒಂದೊಂದಾಗಿ ತಳ್ಳಿದ. ಅವನ ಕುತ್ತಿಗೆಯ ಮೂಳೆಗಳು ಎದ್ದು ಕಾಣತೊಡಗಿದವು. ಕೊನೆಗೆ ನಾನೇ ಅವಳಿಗೆ ಹೇಳಿದೆ: "ನಾನ್ ಮಾಡ್ತೀನಿ, ನೀನ್ ತಗೊಂಡ್ ಹೋಗಿ ಕೊಡು. ನೀನೇ ಮಾಡಿದ್ದು ಅನ್ನು."

"ಸುಳ್ಳು ಹೇಳ್ಸ್ಬೇಡಿ ನನ್ ಕೈಲಿ" ಅಂದಳು.

"ಹಂಗಾದ್ರೆ ಪೈಪ್ ಹಾಕ್ಸೋಣ್ವಾ?"

ಅವಳು ಬಟ್ಟಲು ತೆಗೆದು ತೊಳೆದಿಟ್ಟಳು.

ಅದು ಸೀತಾಫಲದ ಕಾಲ. ಬೆಳಿಗ್ಗೆ ಅಪ್ಪ ಜಗುಲಿಗೆ ಹೋದ ಮೇಲೆ ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು ಶುರು ಮಾಡುತ್ತಿದ್ದೆ. ಹಾಲನ್ನು ಗಟ್ಟಿಯಾಗುವ ತನಕ ಕಾಯಿಸಿ ಪೂರ್ತಿ ಆರಲು ಬಿಡಬೇಕು. ಬಿಸಿ ಹಾಲು ತಾಗಿದರೆ ಸೀತಾಫಲ ಕಹಿಯಾಗುತ್ತದೆ. ಹಣ್ಣನ್ನು ಜಾಲರಿಯ ಮೇಲೆ ಹಾಕಿ ಬೆರಳಿನಿಂದ ಉಜ್ಜಿ ತಿರುಳು ಇಳಿಸಬೇಕು. ಒಂದು ಬೀಜದ ಚೂರು ಉಳಿದರೂ ಹುಣ್ಣಿಗೆ ಚುಚ್ಚುತ್ತದೆ. ಫ್ರೀಜರಿನಲ್ಲಿ ಅದು ಅಂಚಿನಿಂದ ಕಟ್ಟಿಕೊಳ್ಳತೊಡಗಿದಾಗ ಹೊರಗೆ ತೆಗೆದು ಚೆನ್ನಾಗಿ ಬಡಿಯಬೇಕು, ಮತ್ತೆ ಇಡಬೇಕು, ಮತ್ತೆ ಬಡಿಯಬೇಕು. ಹಾಗೆ ಮಾಡದಿದ್ದರೆ ಒಳಗೆಲ್ಲ ಐಸಿನ ಹರಳು ನಿಲ್ಲುತ್ತದೆ. ನನ್ನ ಕೆಲಸ ಮಧ್ಯಾಹ್ನದ ಶಿಫ್ಟಿನದಾದ್ದರಿಂದ ಇದಕ್ಕೆಲ್ಲ ಸಮಯ ಸಿಗುತ್ತಿತ್ತು. ಬೆಣ್ಣೆಯ ಹಾಗೆ ಚಮಚಕ್ಕೆ ಬಂದ ಮೇಲೆ ಬಟ್ಟಲಿಗೆ ಹಾಕಿ ಮೊದಲ ದಿನ ಹೆಂಡತಿಯ ಕೈಗೆ ಕೊಟ್ಟೆ.

ನಾನು ಬಾಗಿಲ ಹಿಂದೆ ನಿಂತೆ. ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿಸಿತು. ನಿಂತಿತು. ಮತ್ತೆ ತಾಗಿತು. ಬಹಳ ಹೊತ್ತಾದ ಮೇಲೆ ಅಪ್ಪನ ದನಿ ಬಂತು.

"ಇನ್ನೊಂಚೂರ್ ಇದ್ಯೇನಮ್ಮ?"

ಅಪ್ಪ ಯಾರನ್ನಾದರೂ ಏನನ್ನಾದರೂ ಹೀಗೆ ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವತ್ತು ಗೋಡೌನಿಗೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ, ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಅಲ್ಲಿಂದ ಮುಂದೆ ಮನೆಯಲ್ಲಿ ದಿನವೂ ಅದೇ. ಸೀತಾಫಲ ಸಿಗದ ದಿನ ಸಪೋಟ, ಏಲಕ್ಕಿ ಬಾಳೆ, ಎಳನೀರಿನ ಗಂಜಿಯ ಜೊತೆ ಕರ್ಬೂಜ. ಅಪ್ಪ ನೋಡಲು ಬಂದವರಿಗೆಲ್ಲ ಹೇಳತೊಡಗಿದ. ಬಾಯಿ ತೆರೆಯಲು ಕಷ್ಟ, ಆದರೂ ಹೇಳುತ್ತಿದ್ದ.

"ನನ್ ಸೊಸೆ ಕೈಯಲ್ಲಿ ಅಮೃತ ಐತೆ. ಅವ್ಳಿಲ್ದಿದ್ರೆ ನಾನು ಹೊಟ್ಟೆಗಿಲ್ದೆ ಯಾವತ್ತೋ ಹೋಗ್ತಿದ್ದೆ."

ನಾನು ಅಲ್ಲೇ ನಿಂತಿದ್ದರೆ ನನ್ನ ಕಡೆ ಗದ್ದ ಎತ್ತುತ್ತಿದ್ದ. "ಇವ್ನೇನ್ ಮಾಡ್ದ? ಚಕ್ಕೋತ ಕೊಟ್ಟು ಸುಟ್ಟ. ಹೆತ್ತ ಮಗ."

ಬಂದವರು ನನ್ನ ಮುಖ ನೋಡದೆ ಹೆಂಡತಿಯ ಕಡೆ ತಿರುಗಿ, "ಸೊಸೆ ಅಂದ್ರೆ ಹಿಂಗಿರ್ಬೇಕು ಕಣಮ್ಮ" ಅನ್ನುತ್ತಿದ್ದರು. ಮೊದಮೊದಲು ಅವಳು ಬಟ್ಟಲು ತೆಗೆದುಕೊಂಡು ಒಳಗೆ ಓಡುತ್ತಿದ್ದಳು. ಆಮೇಲೆ ನಿಂತು ಕೇಳಿಸಿಕೊಳ್ಳತೊಡಗಿದಳು. ಒಂದು ದಿನ ಪಕ್ಕದ ಬೀದಿಯ ಹೆಂಗಸರಿಗೆ, ಹಣ್ಣನ್ನು ಜಾಲರಿಯಲ್ಲಿ ಹೇಗೆ ಉಜ್ಜಬೇಕು, ಎಷ್ಟು ಸಲ ಬಡಿಯಬೇಕು ಎಂದು ಕೈ ತಿರುಗಿಸಿ ತೋರಿಸುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿದ್ದಳು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ.

ಅವರು ಹೋದ ಮೇಲೆ ಕೇಳಿದೆ. "ಅಷ್ಟೆಲ್ಲ ಹೇಳ್ಬೇಕಿತ್ತಾ?"

"ನಿಮ್ಮಪ್ಪ ನನ್ ಹೆಸ್ರು ಹೇಳಿದ್ರೆ ನಿಮಗ್ಯಾಕ್ ಉರಿ?" ಅಂದಳು. "ಬಂದಾಗಿಂದ ಈ ಮನೇಲಿ ಒಂದ್ ಒಳ್ಳೆ ಮಾತ್ ಕೇಳಿಲ್ಲ ನಾನು. ಈಗ ಕೇಳ್ತಿದೀನಿ. ಕೇಳ್ಕೊತೀನಿ ಬಿಡಿ."

ಅವಳು ಹೇಳಿದ್ದು ನಿಜವಾಗಿತ್ತು. ಸಾರಿನಲ್ಲಿ ಉಪ್ಪು ಹೆಚ್ಚಾದ ದಿನ ತಟ್ಟೆ ತಳ್ಳಿದ್ದ, ಹೆಣ್ಣು ಹೆತ್ತಾಗ ಆಸ್ಪತ್ರೆಗೆ ಬಾರದೆ ಇದ್ದ ಇದೇ ಅಪ್ಪ ಈಗ ಅವಳನ್ನು ಕಣಮ್ಮ, ಬಾಮ್ಮ ಅನ್ನುತ್ತಿದ್ದ. ಆ ಮಾತುಗಳು ಯಾರಿಗೆ ಸಲ್ಲಬೇಕಿತ್ತೋ ಅದು ಅವಳಿಗೂ ಗೊತ್ತಿತ್ತು. ಆದರೂ ಹಸಿದವಳ ಹಾಗೆ ತೆಗೆದುಕೊಂಡಳು. ನಾನು ಅವಳೊಂದಿಗೆ ಮಾತು ಬಿಟ್ಟೆ. ಬಟ್ಟಲು ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು. ಆ ದಿನಗಳಲ್ಲೇ ಒಮ್ಮೆ ಪರಂಗಿ ಹಣ್ಣಿನದು ಅಷ್ಟಾಗಿ ಕೂಡಿಬರಲಿಲ್ಲ. ಅಪ್ಪ ಎರಡು ಚಮಚ ತಿಂದು ಅವಳನ್ನು ಕೇಳಿದ: "ಇವತ್ತು ಮನ್ಸಿಟ್ ಮಾಡಿಲ್ವಲ್ಲಮ್ಮ. ಆ ನನ್ಮಗ ಏನಾದ್ರೂ ಅಂದ್ನಾ?"

ಅವಳು ನನ್ನ ಕಡೆ ನೋಡಿ, "ಮಾತೇ ಆಡಲ್ಲ ಮಾವ" ಅಂದಳು.

ಅಪ್ಪ ನನ್ನನ್ನು ಕರೆದು ಮಗಳ ಮುಂದೆಯೇ ಬೈದ. ಹೆಂಡತಿಯ ಹತ್ತಿರ ಚೆನ್ನಾಗಿರಬೇಕಂತೆ, ಅವಳ ಮನಸ್ಸು ಕೆಟ್ಟರೆ ತನ್ನ ಹೊಟ್ಟೆಗೆ ಕಲ್ಲು ಬೀಳುತ್ತದಂತೆ.

ಅವರೆಕಾಯಿ ಕಾಲ ಬಂತು. ಹೊಸಕೋಟೆ ಸೀಮೆಯಲ್ಲಿ ಆ ಕಾಲದಲ್ಲಿ ಸೊಗಡಿನ ವಾಸನೆ ಬಾರದ ಮನೆ ಇರುವುದಿಲ್ಲ. ಅಪ್ಪ ಮೂರು ದಿನ ಮೂಗು ಅರಳಿಸಿಕೊಂಡು ಕೂತಿದ್ದವನು ನಾಲ್ಕನೆಯ ದಿನ ಹಿತಕಿದ ಬೇಳೆ ಸಾರು, ಮುದ್ದೆ ಬೇಕೇ ಬೇಕು ಎಂದು ಹಟ ಹಿಡಿದ. ಹೆಂಡತಿ ಮಾಡಿಟ್ಟು, ತಣ್ಣಗಾದ ಮೇಲೆ ನಾಲಿಗೆ ತುದಿಗಷ್ಟೇ ತಾಗಿಸಿ ಎಂದು ಹೇಳಿ ಮಗಳ ಶಾಲೆಗೆ ಹೋಗಿದ್ದಳು. ಅಪ್ಪ ಕಾಯಲಿಲ್ಲ. ಬಿಸಿ ಸಾರಿನಲ್ಲಿ ಅದ್ದಿದ ತುತ್ತು ಬಾಯಿಗೆ ಹೋಗುತ್ತಿದ್ದಂತೆ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದ. ನಾನು ಓಡಿಹೋಗಿ ಫ್ರೀಜರಿನಿಂದ ಬಟ್ಟಲು ತಂದೆ.

"ಇವ್ನೇನ್ ಕೊಡ್ತಾವ್ನೆ" ಎಂದು ಆ ನೋವಿನಲ್ಲೂ ಕೈ ಅಡ್ಡ ಹಿಡಿದ.

"ಅವ್ಳೇ ಮಾಡಿಟ್ಟಿರೋದು ಅಪ್ಪ. ನಿನ್ ಸೊಸೆ."

ಕೈ ಇಳಿಸಿದ. ಚಮಚ ಚಮಚವಾಗಿ ತಿನ್ನಿಸಿದೆ. ಕಣ್ಣು ಮುಚ್ಚಿಕೊಂಡು, ಹಕ್ಕಿಮರಿಯ ಹಾಗೆ ಸಿಗುವಷ್ಟು ಬಾಯಿ ತೆರೆದು ತಿಂದ. ಅವನ ಗಲ್ಲವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದೆ. ಬೆಳೆದ ಮೇಲೆ ನಾನು ಅಪ್ಪನ ಮೈ ಮುಟ್ಟಿದ್ದು ಬಹುಶಃ ಅದೇ ಮೊದಲು. ಉರಿ ಇಳಿದ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿ, ಕೈಯನ್ನು ಪಕ್ಕಕ್ಕೆ ತಳ್ಳಿದ. "ಸಾಕ್ ಹೋಗು" ಅಂದ.

ಅಪ್ಪನನ್ನು ನೋಡಿಕೊಳ್ಳಲೆಂದು ಅಕ್ಕ ಸಾಸಲಿನಿಂದ ಬಂದಳು. ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದವಳು, ನಾನು ಸಪೋಟದ ತಿರುಳು ಬಡಿಯುತ್ತಿದ್ದುದನ್ನು ನೋಡಿ ನಿಂತುಬಿಟ್ಟಳು. ಹಿಂದಿನ ಸಂಜೆಯಷ್ಟೇ ಅಪ್ಪನ ಬಾಯಲ್ಲಿ ಸೊಸೆಯ ಹೊಗಳಿಕೆಯನ್ನು ಅವಳು ಕೇಳಿದ್ದಳು. ನನ್ನ ಕೈ, ಪಾತ್ರೆ, ಮುಂದಕ್ಕೆಳೆದ ಬಾಗಿಲು, ಎಲ್ಲವನ್ನೂ ನೋಡಿದಳು. ಕೇಳದೆಯೇ ಅವಳಿಗೆ ಅರ್ಥವಾಯಿತು.

"ಅವತ್ತು ಬಾನಿಗ್ ಸುರಿದ್ನಲ್ಲೋ" ಅಂದಳು. "ಇವತ್ತು ಅದನ್ನೇ ತಿಂದ್ಕೊಂಡು ಬದುಕ್ತಾವ್ನೆ. ಹೇಳ್ಬೇಕು ಕಣೋ ಅವನಿಗೆ."

"ಬೇಡಕ್ಕ. ತಿಂತಿದಾನಲ್ಲ, ಅಷ್ಟ್ ಸಾಕು."

"ಸಾಯೋಕ್ ಮುಂಚೆ ಒಂದ್ಸಲನಾದ್ರೂ ನಿನ್ ತಲೆ ಮೇಲೆ ಕೈಯಿಡ್ಲಿ."

"ಅಕ್ಕ, ಬೇಡ."

ಹೂಂ ಅಂದಳು. ಅವಳಿಗೆ ನನ್ನ ಮೇಲೆ ಇದ್ದ ಪ್ರೀತಿ ದೊಡ್ಡದು. ಅದು ಅವಳ ಬಾಯಿಯನ್ನು ಮಧ್ಯಾಹ್ನದವರೆಗೂ ಮುಚ್ಚಿಡಲಿಲ್ಲ.

ಅಪ್ಪ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಹೆಂಡತಿ ಬಟ್ಟಲು ಹಿಡಿದು ಪಕ್ಕದಲ್ಲಿದ್ದಳು. ನಾನು ಕೆಲಸಕ್ಕೆ ಹೊರಟು ಹೊಸ್ತಿಲ ಹತ್ತಿರ ಷೂ ಹಾಕಿಕೊಳ್ಳುತ್ತಿದ್ದೆ. ಅಪ್ಪ ಒಂದು ಚಮಚ ಬಾಯಿಗೆ ಹಾಕಿಕೊಂಡು ಅಕ್ಕನಿಗೆ ಹೇಳಿದ. "ನೋಡ್ ಕಲ್ತ್ಕೋ ಇವ್ಳ ಹತ್ರ. ನೀನೂ ಹೆಣ್ಣೇ, ಒಂದಿನ ಮಾಡ್ಕೊಟ್ಯಾ ನಂಗೆ?"

ಅಕ್ಕ ಅವನ ಕಾಲಬಳಿ ಕೂತು, ನಗುತ್ತ, ಸಿಹಿ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ಅಪ್ಪ, ಇದ್ನ ಮಾಡೋನು ನಿನ್ ಮಗ. ಮೊದ್ಲಿಂದ್ಲೂ ಅವ್ನೇ ಮಾಡ್ತಿರೋದು. ನೀನ್ ತಿನ್ನಲ್ಲ ಅಂತ ಇವ್ಳ ಕೈಲಿ ಕಳಿಸ್ತಿದ್ದ. ಎಷ್ಟ್ ಆಸೆ ನೋಡು ಅವನ್ಗೆ ನಿನ್ನ ಕಂಡ್ರೆ."

ಅಪ್ಪನ ದವಡೆ ನಿಂತಿತು. ಹೆಂಡತಿಯನ್ನು ನೋಡಿದ.

"ನಿಜವೇನಮ್ಮ?"

ಅವಳು ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು. "ಹೂಂ ಮಾವ."

ಅಪ್ಪ ಬಾಯಿ ತೆರೆದು, ಒಳಗಿದ್ದುದನ್ನು ನಾಲಿಗೆಯಿಂದ ತಳ್ಳಿ, ಹೆಗಲ ಟವೆಲಿನ ಮೇಲೆ ಬೀಳಿಸಿದ. ಉಗಿಯುವ ಶಕ್ತಿ ಅವನಿಗಿರಲಿಲ್ಲ. ಆ ಟವೆಲಿನಿಂದಲೇ ನಾಲಿಗೆಯನ್ನು ಒರೆಸಿಕೊಂಡ. ಹುಣ್ಣಿನ ನಾಲಿಗೆ, ಒರೆಸುವಾಗ ಎಷ್ಟು ಉರಿಯಿತೋ. ಬಟ್ಟೆಯಲ್ಲಿ ಕೆಂಪು ಕಂಡಿತು.

"ಅಪ್ಪ, ಏನಪ್ಪಾ ಇದು, ಅದ್ರಲ್ಲೇನ್ ತಪ್ಪು?" ಎಂದು ಅಕ್ಕ ಅಳತೊಡಗಿದಳು.

ಅಪ್ಪ ಅವಳಿಗೆ ಹೇಳಿದ್ದು ನನಗೆ ಈಗಲೂ ಹಾಗೇ ಕೇಳಿಸುತ್ತದೆ. ಕೋಪವಿರಲಿಲ್ಲ, ಬರೀ ಬೇಸರ.

"ಯಾಕ್ ಹೇಳ್ದೆ? ಹೇಳ್ದಿದ್ರೆ ತಿಂತಿದ್ನಲ್ಲೇ."

ನನ್ನ ಕಡೆ ಅವನು ತಿರುಗಲೇ ಇಲ್ಲ. ನಾನು ಷೂ ಲೇಸು ಕಟ್ಟಿಕೊಂಡು ಕೆಲಸಕ್ಕೆ ಹೋದೆ.

ಅವತ್ತು ರಾತ್ರಿಯೂ ಮರುದಿನವೂ ಅಪ್ಪ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಹೆಂಡತಿ ಕಾಲು ಹಿಡಿದು, ಇನ್ನು ಮೇಲೆ ನಿಜವಾಗಿ ನಾನೇ ಮಾಡುತ್ತೇನೆ ಅಂದಳು. ನಂಬಲಿಲ್ಲ. ಅವಳ ಕೈ ಹಿಡಿದು ಬೆರಳುಗಳನ್ನು ಮೂಸಿ ನೋಡಿದ. "ನನ್ ಕಣ್ಮುಂದೆ ಮಾಡು" ಅಂದ. ಮಂಚದ ಪಕ್ಕಕ್ಕೆ ಪಾತ್ರೆ, ಹಾಲು, ಹಣ್ಣು ಎಲ್ಲವೂ ಬಂದವು. ನನ್ನನ್ನು ಅಂಗಳದಿಂದ ಒಳಗೆ ಬಾರದ ಹಾಗೆ ತಡೆದ. ಅವಳು ಆತುರಾತುರವಾಗಿ ಶುರು ಮಾಡಿದಳು. ಸಪೋಟವನ್ನು ಸರಿಯಾಗಿ ಸೋಸಲಿಲ್ಲ, ಹಾಲು ನೀರಾಗಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ಮೆಲ್ಲಗೆ, "ಸ್ವಲ್ಪ ಗಟ್ಟಿಯಾದ್ಮೇಲೆ ತೆಗ್ದು ಬಡಿ" ಅಂದೆ.

"ಏನ್ಲಾ ಅದು ಪಿಸಪಿಸ?" ಒಳಗಿನಿಂದ ದನಿ ಬಂತು. "ದೂರ ಹೋಗು."

ಅವಳು ಬಡಿಯಲಿಲ್ಲ. ಫ್ರೀಜರಿನಿಂದ ಗಟ್ಟಿಯಾಗಿ ಹೊರಗೆ ಬಂದಾಗ ಅದು ಚಮಚಕ್ಕೆ ಕಿರ್ ಅಂದಿತು. ಕಿಟಕಿಯಿಂದ ನನಗೆ ಹರಳುಗಳು ಹೊಳೆಯುವುದು ಕಾಣುತ್ತಿತ್ತು. ಅಪ್ಪ ಬಾಯಿಗೆ ಹಾಕಿಕೊಂಡ. ಮುಖ ಹಿಂಡಿತು. ನುಂಗಿದ. ಎರಡನೆಯ ಚಮಚದ ಹೊತ್ತಿಗೆ ತುಟಿಯ ಅಂಚಿನಲ್ಲಿ ರಕ್ತ ಸಣ್ಣಗೆ ಇಳಿಯಿತು. ಅವಳು ಗಾಬರಿಯಾಗಿ ಬಟ್ಟಲು ಹಿಂದಕ್ಕೆ ಎಳೆದಳು. ಅಪ್ಪ ಬಿಡದೆ ಕಿತ್ತುಕೊಂಡ. ಕಿಟಕಿಯಲ್ಲಿ ನಿಂತಿದ್ದ ನನ್ನನ್ನೇ ನೋಡುತ್ತ, ಒಂದೊಂದು ಚಮಚವನ್ನೂ ನುಂಗುತ್ತ, ತಳದಲ್ಲಿದ್ದುದನ್ನೂ ಕೆರೆದು ತಿಂದ. ಬಟ್ಟಲಿನ ಒಳಗೆಲ್ಲ ಕೆಂಪು ಗೆರೆ.

"ಇದು ರುಚಿ" ಅಂದ.

ಹೆಂಡತಿ ಅಡುಗೆಮನೆಗೆ ಓಡಿದಳು. ನಾನು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುವಷ್ಟರಲ್ಲಿ ನೆಲದ ಮೇಲೆ ಕುಸಿದಿದ್ದಳು. "ನಂಗ್ ಬರಲ್ಲ ರೀ. ನಂಗ್ ಬರಲ್ಲ" ಎಂದು ಅದನ್ನೇ ಹೇಳುತ್ತಿದ್ದಳು. ನಮ್ಮ ನಡುವೆ ಬಿಟ್ಟುಹೋಗಿದ್ದ ಮಾತು ಅಲ್ಲಿ ಹಾಗೆ ಮರಳಿತು. ಅವತ್ತೇ ಹಿತ್ತಲಲ್ಲಿ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಟ್ಟೆ. ಅವಳು ಅಳುತ್ತಲೇ ಕಲಿತಳು. ಅವಳ ಕೈಗೆ ಹದ ಬರುವ ಹೊತ್ತಿಗೆ ಅಪ್ಪನ ಗಂಟಲು ಪೂರ್ತಿ ಮುಚ್ಚಿಕೊಂಡಿತ್ತು. ಅವಳು ನಿಜವಾಗಿ ಮಾಡಿದ ಒಂದೇ ಒಂದು ಒಳ್ಳೆಯ ಬಟ್ಟಲು ಮಂಚದ ಪಕ್ಕದ ಸ್ಟೂಲಿನ ಮೇಲೆ ಕರಗಿ ನೀರಾಯಿತು. ಆಸ್ಪತ್ರೆಯಲ್ಲಿ ಪೈಪು ಹಾಕಿದರು. ಹೇಳಿದ ಹಾಗೆಯೇ ಕಿತ್ತು ಹಾಕಿದ. ಸಂಕ್ರಾಂತಿ ನೋಡಲಿಲ್ಲ.

ಅಕ್ಕ ಹೆಣದ ಕಾಲು ಹಿಡಿದು ಅತ್ತದ್ದು ನೋಡಿದವರಿಗೆ ಮಗಳ ದುಃಖವಾಗಿ ಕಂಡಿತು. ಅವಳು ತಾನು ಆಡಿದ ಮಾತಿಗಾಗಿ ಅಳುತ್ತಿದ್ದಳು. ನಾನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

ಹಾಲುತುಪ್ಪದ ದಿನ, ಮಣ್ಣು ಮಾಡಿದ ಜಾಗದಲ್ಲಿ ಸತ್ತವರಿಗೆ ಇಷ್ಟವಾದುದನ್ನೆಲ್ಲ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ವಡೆ, ಮುದ್ದೆ, ಅವರೆಬೇಳೆ ಸಾರು, ಎಲೆಅಡಿಕೆ, ಹೊಗೆಸೊಪ್ಪು ಎಲ್ಲವೂ ಸೇರಿದವು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಎಲ್ಲರ ಎದುರಿಗೆ ಹೆಂಡತಿಗೆ ಹೇಳಿದರು. "ಆ ಐಸ್ ಮಾಡಮ್ಮ. ಬಾಯ್ತುಂಬ ನಿನ್ ಹೆಸ್ರು ಹೇಳ್ತಿದ್ದ ನಮ್ಮಣ್ಣ. ಅದಿಲ್ದೆ ಅವನ ಎಡೆ ಪೂರ್ತಿ ಆಗಲ್ಲ."

ಆ ಟವೆಲಿನ ಸಂಗತಿ ನಮ್ಮ ಮೂವರಲ್ಲೇ ಉಳಿದಿತ್ತು. ಹೆಂಡತಿ ನನ್ನನ್ನು ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ. ಅಪ್ಪ ಇಲ್ಲ, ಯಾರೂ ಉಪವಾಸ ಬೀಳುವುದಿಲ್ಲ. ಅವಳು ಸೆರಗು ಸರಿಮಾಡಿಕೊಂಡು, "ಆಯ್ತು ಚಿಕ್ಕಮಾವ" ಅಂದಳು. ಒಳಗೆ ಬಂದು, "ನಂಗೆ ಕೈಯೇ ಆಡ್ತಿಲ್ಲ, ನೀವ್ ಮಾಡ್ತೀರಾ?" ಅಂದಳು.

ಮಾಡಿದೆ. ಹೊಲದವರೆಗೆ ನಡೆಯುವಷ್ಟರಲ್ಲಿ ಅರ್ಧ ಕರಗಿತ್ತು. ಅವಳು ಗುಡ್ಡೆಯ ತಲೆಯ ಕಡೆ ಬಟ್ಟಲು ಇಟ್ಟಳು. ಕಾಗೆ ಬಂದು ವಡೆ ಎತ್ತಿಕೊಂಡು ಹೋಯಿತು. ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ಬಟ್ಟಲಿನಲ್ಲಿದ್ದುದನ್ನು ಚಿಕ್ಕಪ್ಪ ಹಸಿಮಣ್ಣಿನ ಮೇಲೆ ಸುರಿದರು. ಮಣ್ಣು ಬೇಗ ಹೀರಿಕೊಂಡಿತು.

ಬೇಸಿಗೆಯಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು ಸ್ಟೀಲ್ ಡಬ್ಬಿ ಹಿಡಿದು ಮನೆಗೆ ಬಂದಳು. ಅವಳ ಮಾವನಿಗೂ ಕರೆಂಟ್ ಕೊಡಿಸುತ್ತಿದ್ದಾರಂತೆ, ಬಾಯಲ್ಲಿ ಏನೂ ನಿಲ್ಲುವುದಿಲ್ಲವಂತೆ. "ನಿಮ್ ಮಾವಂಗೆ ಮಾಡ್ಕೊಡ್ತಿದ್ರಲ್ಲಕ್ಕ, ಅದು ಒಂಚೂರು…" ಎಂದು ಹೆಂಡತಿಯ ಕೈ ಹಿಡಿದುಕೊಂಡಳು.

ಹೆಂಡತಿ ಡಬ್ಬಿ ತೆಗೆದುಕೊಂಡು ಅಡುಗೆಮನೆಗೆ ಬಂದಳು. ನಾನು ಮಗಳಿಗೆ ಬಾದಾಮಿ ಹಣ್ಣಿನದನ್ನು ಮಾಡಿ ಇಟ್ಟಿದ್ದೆ. ಹುಳಿಯಿಲ್ಲದ ಹಣ್ಣೇ ಎಂದು ಚಮಚದಲ್ಲಿ ತೆಗೆದು ನೋಡಿ ಡಬ್ಬಿ ತುಂಬಿಸಿದೆ.

"ಈ ಸಲ ನಾನ್ ಮಾಡಿದ್ದು ಅಂತ ಹೇಳು" ಅಂದೆ.

ಅವಳು ಡಬ್ಬಿಯ ಅಂಚಿಗೆ ಅಂಟಿದ್ದುದನ್ನು ಬೆರಳಿನಿಂದ ಒರೆಸಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕೇಳಿದಳು.

"ಹೇಳ್ತೀನಿ. ಆದ್ರೆ ಆ ಮುದುಕ್ರು ತಿನ್ನಲ್ಲ ಅಂದ್ರೆ?"

ಹೊರಗೆ ಆ ಹೆಂಗಸು ಕಾಯುತ್ತಿದ್ದಳು. ನಾನು ಮುಚ್ಚಳ ಒತ್ತಿ ಮುಚ್ಚಿ, ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟೆ.